ಶಟರ್ ಸರಿಯಾಗಿ ಮುಚ್ಚದಿದ್ದಾಗ: ಕಾರಣಗಳ ಪತ್ತೆ ಹಾಗೂ ಪರಿಹಾರ

ವ್ಯಾಪಾರ ಮಳಿಗೆ, ಗೋದಾಮು ಹಾಗೂ ಸಣ್ಣ ಕೈಗಾರಿಕಾ ಘಟಕಗಳಲ್ಲಿ ದಿನಕ್ಕೆ ಕನಿಷ್ಠ ಎರಡು ಬಾರಿ ತಪ್ಪದೆ ಕೆಲಸ ಮಾಡಿಯೂ ಮಾಲೀಕರ ಗಮನಕ್ಕೆ ಬಾರದ ಸಾಧನವೆಂದರೆ ರೋಲಿಂಗ್ ಶಟರ್. ತೂಕದ ಯಂತ್ರಕ್ಕೆ ಕಾಲಕಾಲಕ್ಕೆ ಮುದ್ರೆ ಹಾಕಿಸುತ್ತೇವೆ, ಬೆಂಕಿ ಆರಿಸುವ ಸಿಲಿಂಡರನ್ನು ಮರುಪೂರಣ ಮಾಡಿಸುತ್ತೇವೆ. ಆದರೆ ಲಕ್ಷಾಂತರ ರೂಪಾಯಿ ಸರಕಿಗೆ ರಾತ್ರಿಯಿಡೀ ಕಾವಲಿರುವ ಶಟರಿನ ನೆನಪಾಗುವುದು ಅದು ನೆಲ ಮುಟ್ಟದೆ ನಿಂತ ದಿನ ಮಾತ್ರ. ಆ ದಿನವೂ ಹೆಚ್ಚಿನ ಕಡೆ ನಡೆಯುವುದು ಇಷ್ಟೆ: ಕೆಲಸದ ಹುಡುಗರು ಕೆಳಪಟ್ಟಿಯ ಮೇಲೆ ಕಾಲಿಟ್ಟು ತುಳಿಯುತ್ತಾರೆ, ಹೇಗೋ ಬೀಗ ಸಿಕ್ಕಿಸಿ ಮನೆಗೆ ಹೋಗುತ್ತಾರೆ. ಹೀಗೆ ತುಳಿದ ಶಟರು ಕೆಲವೇ ವಾರಗಳಲ್ಲಿ ಇನ್ನಷ್ಟು ಕೆಡುತ್ತದೆ.

ಶಟರ್ ಮುಚ್ಚದಿರುವುದಕ್ಕೆ ಕಾರಣಗಳು ಬಹಳವಿಲ್ಲ. ಅವನ್ನು ಕ್ರಮವಾಗಿ ಪರೀಕ್ಷಿಸಿದಲ್ಲಿ ದೋಷ ಎಲ್ಲಿದೆ ಎಂಬುದನ್ನು ಮಾಲೀಕರೇ ಬಹುಮಟ್ಟಿಗೆ ತಿಳಿಯಬಹುದು. ಯಾವ ಕೆಲಸವನ್ನು ತಾವೇ ಮಾಡಬಹುದು, ಯಾವುದನ್ನು ನುರಿತ ಮೆಕ್ಯಾನಿಕ್‌ಗೆ ಬಿಡಬೇಕು ಎಂಬ ವಿವೇಚನೆಯೂ ಅಷ್ಟೇ ಮುಖ್ಯ. ಈ ಲೇಖನದ ಉದ್ದೇಶ ಅದೇ ಆಗಿದೆ.

ಶಟರಿನ ರಚನೆ

ಕೈಯಿಂದ ಎಳೆದು ತೆರೆಯುವ ಸಾಮಾನ್ಯ ಶಟರಿನಲ್ಲಿ ಒಂದಕ್ಕೊಂದು ಹೆಣೆದ ಉಕ್ಕಿನ ಪಟ್ಟಿಗಳ ಪರದೆ ಇರುತ್ತದೆ. ಪರದೆಯ ಎರಡು ಅಂಚುಗಳು ಗೋಡೆಗೆ ಜೋಡಿಸಿದ ಗೈಡ್ ಚಾನಲ್‌ಗಳೊಳಗೆ ಚಲಿಸುತ್ತವೆ. ಬಾಗಿಲಿನ ಮೇಲ್ಭಾಗದಲ್ಲಿ ಎರಡು ಬ್ರಾಕೆಟ್‌ಗಳ ನಡುವೆ ಒಂದು ಪೈಪು ಅಡ್ಡಲಾಗಿ ಕುಳಿತಿರುತ್ತದೆ. ಪೈಪಿನ ಮೇಲೆ ಸುತ್ತುವ ಡ್ರಮ್‌ಗಳೂ, ಡ್ರಮ್‌ಗಳೊಳಗೆ ಸುರುಳಿ ಸ್ಪ್ರಿಂಗುಗಳೂ ಇರುತ್ತವೆ. ಸ್ಪ್ರಿಂಗಿನ ಒಂದು ತುದಿ ಪೈಪಿಗೆ, ಇನ್ನೊಂದು ತುದಿ ಡ್ರಮ್ಮಿಗೆ ಸೇರಿರುತ್ತದೆ. ಪೈಪು ತಿರುಗದಂತೆ ಬ್ರಾಕೆಟ್ಟಿನಲ್ಲಿ ಕ್ಲಾಂಪ್‌ಗಳಿಂದ ಬಿಗಿಯಲ್ಪಟ್ಟಿರುತ್ತದೆ.

ಶಟರನ್ನು ಕೆಳಗೆಳೆದಾಗ ಡ್ರಮ್ ತಿರುಗಿ ಸ್ಪ್ರಿಂಗು ಬಿಗಿಯಾಗುತ್ತದೆ. ಪರದೆ ಕೆಳಗಿಳಿದಷ್ಟೂ ತೂಗುವ ಭಾರ ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಸ್ಪ್ರಿಂಗಿನ ಬಿಗಿಯೂ ಹೆಚ್ಚುತ್ತದೆ. ಈ ಎರಡರ ಸಮತೋಲವೇ ಶಟರಿನ ಜೀವಾಳ. ಭಾರವೇನೂ ಸಣ್ಣದಲ್ಲ. 0.90 ಮಿ.ಮೀ. ದಪ್ಪದ ಉಕ್ಕಿನ ಚಪ್ಪಟೆ ತಗಡೇ ಚದರ ಮೀಟರಿಗೆ 7 ಕಿಲೋಗ್ರಾಂನಷ್ಟು ತೂಗುತ್ತದೆ. 3 ಮೀಟರ್ ಅಗಲ, 2.5 ಮೀಟರ್ ಎತ್ತರದ ಶಟರಿಗೆ ಇದೇ 50 ಕಿಲೋಗ್ರಾಂ ಮೀರುತ್ತದೆ. ಪಟ್ಟಿಗಳ ಸುರುಳಿ ಅಂಚು ಹಾಗೂ ಕೆಳಪಟ್ಟಿಯ ತೂಕ ಇದಕ್ಕೆ ಸೇರಬೇಕು. ಇಷ್ಟು ಭಾರವನ್ನು ಒಬ್ಬರು ಒಂದು ಕೈಯಲ್ಲಿ ಎತ್ತಲು ಸಾಧ್ಯವಾಗಿರುವುದು ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿಯಿಂದ. ಅದೇ ಶಕ್ತಿ ಒಮ್ಮೆಲೆ ಬಿಡುಗಡೆಯಾದರೆ ಕೈ ಮುರಿಯಬಲ್ಲದು ಎಂಬುದನ್ನು ಯಾರೂ ಮರೆಯಬಾರದು.

ಮೊದಲ ಪರೀಕ್ಷೆ: ಏರುವಾಗ ಹೇಗೆ, ಇಳಿಯುವಾಗ ಹೇಗೆ?

ಮೆಕ್ಯಾನಿಕ್‌ನನ್ನು ಕರೆಸುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಶಟರ್ ಏರುವಾಗ ಕಷ್ಟವೇ, ಇಳಿಯುವಾಗ ಕಷ್ಟವೇ, ಅಥವಾ ಎರಡೂ ಕಡೆ ಕಷ್ಟವೇ? ಉತ್ತರ ಮೂರು ಬಗೆಯಲ್ಲಿ ಬರುತ್ತದೆ.

1. ಏರುವುದು ಸುಲಭ, ಇಳಿಯುವುದು ಕಷ್ಟ. ನೆಲದ ಹತ್ತಿರ ಬಂದು ಮತ್ತೆ ಮೇಲಕ್ಕೆ ಜಿಗಿಯುತ್ತದೆ. ಇಲ್ಲಿ ಸ್ಪ್ರಿಂಗಿನ ಬಿಗಿ ಭಾರಕ್ಕಿಂತ ಹೆಚ್ಚಾಗಿದೆ.

2. ಏರುವುದು ಕಷ್ಟ, ಇಳಿಯುವುದು ರಭಸ. ಕೈಬಿಟ್ಟರೆ ಧೊಪ್ಪನೆ ಬೀಳುತ್ತದೆ. ಇಲ್ಲಿ ಸ್ಪ್ರಿಂಗು ಸಡಿಲಗೊಂಡಿದೆ, ಇಲ್ಲವೇ ತುಂಡಾಗಿದೆ.

3. ಏರುವುದೂ ಕಷ್ಟ, ಇಳಿಯುವುದೂ ಕಷ್ಟ. ನಡುವೆ ಎಲ್ಲೆಂದರಲ್ಲಿ ನಿಲ್ಲುತ್ತದೆ. ಇಲ್ಲಿ ದೋಷ ಸ್ಪ್ರಿಂಗಿನದಲ್ಲ, ಘರ್ಷಣೆಯದು. ಗೈಡ್ ಚಾನಲ್ ಅಥವಾ ಪಟ್ಟಿಗಳನ್ನು ನೋಡಬೇಕು.

ಈ ಮೂರನೆಯ ಸ್ಥಿತಿಯನ್ನು ಎರಡನೆಯದೆಂದು ತಪ್ಪಾಗಿ ತಿಳಿಯುವುದೇ ನಮ್ಮ ಪೇಟೆಗಳಲ್ಲಿ ನಡೆಯುವ ದೊಡ್ಡ ಪ್ರಮಾದ. ಚಾನಲ್ಲಿನಲ್ಲಿ ತುಕ್ಕು, ಧೂಳು ತುಂಬಿ ಶಟರ್ ಎತ್ತಲು ಭಾರವಾಗುತ್ತದೆ. ಮಾಲೀಕರು ‘ಶಟರ್ ಭಾರವಾಗಿದೆ’ ಎಂದು ಹೇಳಿದೊಡನೆ ಅರ್ಧಂಬರ್ಧ ಬಲ್ಲ ಮೆಕ್ಯಾನಿಕ್ ಸ್ಪ್ರಿಂಗನ್ನು ಇನ್ನೆರಡು ಸುತ್ತು ಬಿಗಿಮಾಡುತ್ತಾನೆ. ಆ ದಿನ ಎತ್ತುವುದು ಹಗುರವೆನಿಸುತ್ತದೆ. ರಾತ್ರಿ ಮುಚ್ಚುವಾಗ ಮಾತ್ರ ಶಟರು ನೆಲಕ್ಕೆ ನಾಲ್ಕು ಬೆರಳು ಅಂತರವಿರುವಂತೆಯೇ ನಿಂತುಬಿಡುತ್ತದೆ. ಘರ್ಷಣೆ ಮೊದಲಿನಂತೆಯೇ ಉಳಿದಿದೆ, ಅದರ ಮೇಲೆ ಹೆಚ್ಚುವರಿ ಬಿಗಿಯೂ ಸೇರಿಕೊಂಡಿದೆ.

ಇನ್ನೊಂದು ಮಾತನ್ನು ನೆನಪಿಡುವುದು ಒಳಿತು. ಸ್ಪ್ರಿಂಗು ಕಾಲಕ್ರಮೇಣ ಸಡಿಲವಾಗುತ್ತದೆಯೇ ಹೊರತು ತಾನಾಗಿ ಎಂದೂ ಬಿಗಿಯಾಗದು. ಆದ್ದರಿಂದ ನಿನ್ನೆಯವರೆಗೆ ಸರಿಯಾಗಿ ಮುಚ್ಚುತ್ತಿದ್ದ, ಯಾರೂ ಕೈಯಿಡದ ಶಟರು ಇಂದು ನೆಲ ಮುಟ್ಟದಿದ್ದರೆ ಸ್ಪ್ರಿಂಗನ್ನು ದೂರುವಂತಿಲ್ಲ. ತಡೆ ಬೇರೆಲ್ಲೋ ಇದೆ. ಇತ್ತೀಚೆಗೆ ರಿಪೇರಿಯಾಗಿದ್ದರೆ, ಅಥವಾ ಹಳೆಯ ಪಟ್ಟಿಗಳನ್ನು ತೆಗೆದು ತೆಳು ಪಟ್ಟಿಗಳನ್ನು ಹಾಕಿಸಿದ್ದರೆ ಮಾತ್ರ ಹೆಚ್ಚಿನ ಬಿಗಿಯನ್ನು ಶಂಕಿಸಬೇಕು.

ಗೈಡ್ ಚಾನಲ್ ಹಾಗೂ ಪಟ್ಟಿಗಳ ತಪಾಸಣೆ

ಘರ್ಷಣೆಯ ಮೂಲವನ್ನು ಹುಡುಕಲು ಟಾರ್ಚ್ ಹಿಡಿದು ಎರಡೂ ಚಾನಲ್‌ಗಳ ಒಳಭಾಗವನ್ನು ಮೇಲಿಂದ ಕೆಳಗೆ ನೋಡಬೇಕು. ಅಕ್ಕಿ ಗಿರಣಿಯ ತೌಡು, ಸಿಮೆಂಟ್ ಅಂಗಡಿಯ ಧೂಳು, ಹಿಟ್ಟಿನ ಪುಡಿ, ಜೇಡರ ಬಲೆ ಇವೆಲ್ಲ ಚಾನಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂರುತ್ತವೆ. ಶಟರು ಕೊನೆಯ ಎರಡು ಮೂರು ಅಂಗುಲದಲ್ಲಿ ಮಾತ್ರ ನಿಲ್ಲುತ್ತಿದ್ದರೆ ಈ ಬುಡವನ್ನೇ ಮೊದಲು ಕೆರೆದು ತೆಗೆಯಬೇಕು. ಸರಕು ಇಳಿಸುವ ಲಾರಿಯೋ ಕೈಗಾಡಿಯೋ ತಗುಲಿ ಚಾನಲ್ಲಿನ ತುಟಿ ಒಳಕ್ಕೆ ಬಾಗಿರುವುದೂ ಸಾಮಾನ್ಯ. ಹಾಗಿದ್ದಲ್ಲಿ ಶಟರು ಪ್ರತಿದಿನವೂ ಒಂದೇ ಎತ್ತರದಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಮಾಡಿದರೆ ಬಾಗಿರುವ ಸ್ಥಳ ಕೂಡಲೇ ತಿಳಿಯುತ್ತದೆ.

ಎಣ್ಣೆಯ ವಿಷಯದಲ್ಲಿ ಎಚ್ಚರ ಅಗತ್ಯ. ವಾಹನದ ಹಳೆಯ ಎಂಜಿನ್ ಆಯಿಲನ್ನೋ ದಪ್ಪ ಗ್ರೀಸನ್ನೋ ಚಾನಲ್ಲಿಗೆ ಬಳಿಯುವ ರೂಢಿ ಬಹಳ ಕಡೆ ಇದೆ. ಇದರಿಂದ ಒಂದು ವಾರ ಹಗುರವಾದಂತೆ ಕಂಡರೂ ಧೂಳು ಅಂಟಿ ಮೊದಲಿಗಿಂತ ಹೆಚ್ಚು ತಡೆಯಾಗುತ್ತದೆ. ಜವಳಿ, ಕಾಗದದಂತಹ ಸರಕಿಗೆ ಕಲೆಯೂ ತಗುಲುತ್ತದೆ. ಚಾನಲ್ಲನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಬಳಿಕ ಗ್ರಾಫೈಟ್ ಪುಡಿ ಅಥವಾ ಸಿಲಿಕೋನ್ ಸ್ಪ್ರೇ ಬಳಸುವುದು ಉತ್ತಮ. ಒರೆಸುವಾಗ ಬೆಂಕಿ, ಬೀಡಿ, ವೆಲ್ಡಿಂಗ್ ಕಿಡಿ ಹತ್ತಿರ ಸುಳಿಯಬಾರದು.

ಪಟ್ಟಿಗಳ ತುದಿಗಳಲ್ಲಿ ಅವು ಪಕ್ಕಕ್ಕೆ ಸರಿಯದಂತೆ ತಡೆಯುವ ಲಾಕ್ ತುಂಡುಗಳು ಇರುತ್ತವೆ. ಇವು ಉದುರಿದಲ್ಲಿ ಪಟ್ಟಿ ಒಂದು ಬದಿಗೆ ಜಾರಿ ಚಾನಲ್ಲಿನ ತಳಕ್ಕೆ ಉಜ್ಜುತ್ತದೆ. ಉಜ್ಜಿದ ಜಾಗದಲ್ಲಿ ಬಣ್ಣ ಹೋಗಿ ಲೋಹ ಹೊಳೆಯುತ್ತಿರುತ್ತದೆ. ಜಾರಿದ ಪಟ್ಟಿಯನ್ನು ಸ್ವಸ್ಥಾನಕ್ಕೆ ತಟ್ಟಿ ಹೊಸ ತುಂಡು ಕೂರಿಸಿದರೆ ಸಮಸ್ಯೆ ಮುಗಿಯಿತು. ಬಾಗಿದ ಪಟ್ಟಿಯನ್ನು ಸುತ್ತಿಗೆಯಿಂದ ನೇರ ಮಾಡುವ ಬದಲು ಬದಲಿಸುವುದೇ ಲೇಸು.

ಮಧ್ಯಾಹ್ನದ ಬಿಸಿಲಿಗೆ ಮಾತ್ರ ಬಿಗಿಹಿಡಿಯುವ ಶಟರುಗಳೂ ಉಂಟು. ಉಕ್ಕು ಬಿಸಿಯಾದಾಗ ಹಿಗ್ಗುತ್ತದೆ. 3 ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 1 ಮಿ.ಮೀ. ಉದ್ದವಾಗುತ್ತದೆ. ಇದು ಸರಿಯಾಗಿ ಕೂರಿಸಿದ ಶಟರಿಗೆ ಲೆಕ್ಕಕ್ಕೇ ಬಾರದ ವ್ಯತ್ಯಾಸ. ಬೆಳಿಗ್ಗೆ ಸರಾಗವಾಗಿದ್ದು ಮಧ್ಯಾಹ್ನ ಸಿಕ್ಕಿಬೀಳುತ್ತಿದ್ದರೆ ಚಾನಲ್‌ಗಳ ನಡುವೆ ಸಾಕಷ್ಟು ಅಂತರ ಬಿಟ್ಟಿಲ್ಲವೆಂದೇ ತಿಳಿಯಬೇಕು.

ಒಂದು ಬದಿ ನೆಲಕ್ಕೆ, ಇನ್ನೊಂದು ಬದಿ ಮೇಲಕ್ಕೆ

ಶಟರಿನ ಒಂದು ಮೂಲೆ ನೆಲ ಮುಟ್ಟಿ ಇನ್ನೊಂದು ಮೂಲೆ ಮೇಲೆಯೇ ನಿಂತಿದ್ದರೆ ಮೊದಲು ಅನುಮಾನಿಸಬೇಕಾದುದು ನೆಲವನ್ನು. ಕೆಳಪಟ್ಟಿಯ ಮೇಲೆ ರಸಮಟ್ಟವನ್ನು ಇಟ್ಟು ನೋಡಬೇಕು. ಕೆಳಪಟ್ಟಿ ಸಮನಾಗಿದ್ದು ಸಂದು ಕಾಣುತ್ತಿದ್ದರೆ ನೆಲ ಓರೆಯಾಗಿದೆ. ಹುಬ್ಬಳ್ಳಿ, ಗದಗ, ವಿಜಯಪುರ ಭಾಗದ ಎರೆಭೂಮಿಯಲ್ಲಿ ಇದು ಅಪರೂಪವಲ್ಲ. ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅಡಿಪಾಯ ಆಳವಿಲ್ಲದ ಮಳಿಗೆಗಳ ಹೊಸ್ತಿಲೂ ಗೋಡೆಯೂ ಇದರೊಂದಿಗೆ ಅಲುಗಾಡುತ್ತವೆ. ಇಂತಲ್ಲಿ ಶಟರನ್ನು ಎಷ್ಟು ಸಲ ರಿಪೇರಿ ಮಾಡಿಸಿದರೂ ಪ್ರಯೋಜನವಿಲ್ಲ. ಹೊಸ್ತಿಲನ್ನು ಮಟ್ಟಮಾಡಿಸಿ, ಕೆಳಪಟ್ಟಿಗೆ ರಬ್ಬರ್ ಅಂಚು ಹಾಕಿಸುವುದು ಸೂಕ್ತ.

ಕೆಳಪಟ್ಟಿಯೇ ಓರೆಯಾಗಿದ್ದರೆ ಮೇಲಿನ ಪೈಪು ಸಮಮಟ್ಟದಲ್ಲಿಲ್ಲ, ಬ್ರಾಕೆಟ್ಟಿನ ಬೋಲ್ಟು ಸಡಿಲಗೊಂಡಿದೆ, ಅಥವಾ ಒಂದು ಬದಿಯ ಸ್ಪ್ರಿಂಗು ತುಂಡಾಗಿದೆ. ಈ ಮೂರೂ ಅಪಾಯದ ಸೂಚನೆಗಳು. ಅಂತಹ ಶಟರನ್ನು ಎಳೆದಾಡದೆ ಆಗಲೇ ಮೆಕ್ಯಾನಿಕ್‌ನನ್ನು ಕರೆಸತಕ್ಕದ್ದು.

ನೆಲ ಮುಟ್ಟಿದರೂ ಬೀಗ ಕೂರದು

ಶಟರು ಪೂರ್ತಿ ಇಳಿದರೂ ಚಿಲಕ ರಂಧ್ರಕ್ಕೆ ಹೊಂದದಿರುವ ತೊಂದರೆಯೂ ಉಂಟು. ಮುಂಭಾಗದ ನೆಲಕ್ಕೆ ಹೊಸ ಟೈಲ್ಸ್ ಅಥವಾ ಗ್ರಾನೈಟ್ ಹಾಕಿಸಿದ ಬಳಿಕ ಇದು ತಲೆದೋರುತ್ತದೆ. ನೆಲ ಅರ್ಧ ಅಂಗುಲ ಎತ್ತರವಾದರೂ ಚಾನಲ್ಲಿನಲ್ಲಿರುವ ಹಳೆಯ ರಂಧ್ರ ಅಷ್ಟೇ ಕೆಳಗೆ ಉಳಿಯುತ್ತದೆ. ರಂಧ್ರವನ್ನು ಹೊಸ ಮಟ್ಟಕ್ಕೆ ಕೊರೆಸಿ ಹಳೆಯದನ್ನು ಮುಚ್ಚಿಸಬೇಕು. ನೆಲದೊಳಗಿನ ಬೀಗದ ಗುಳಿಯಲ್ಲಿ ಮಣ್ಣು ತುಂಬಿದ್ದರೆ ತೆಗೆದರಾಯಿತು. ಚಿಲಕವನ್ನು ಅರದಿಂದ ಉಜ್ಜಿ ಗಿಡ್ಡ ಮಾಡುವ ಉಪಾಯ ಖಂಡಿತ ಬೇಡ. ಗಿಡ್ಡವಾದ ಚಿಲಕವನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ತೆಗೆಯುವುದು ಕಳ್ಳನಿಗೆ ಕ್ಷಣಗಳ ಕೆಲಸ.

ಮೋಟಾರ್ ಚಾಲಿತ ಶಟರುಗಳು

ಗೋದಾಮು ಹಾಗೂ ಕಾರ್ಖಾನೆಗಳ ದೊಡ್ಡ ಶಟರುಗಳಲ್ಲಿ ವಿದ್ಯುತ್ ಮೋಟಾರು ಇರುತ್ತದೆ. ಇವು ಮುಚ್ಚದಿದ್ದಾಗ ಈ ಕ್ರಮದಲ್ಲಿ ನೋಡುವುದು ಒಳ್ಳೆಯದು.

ಮೊದಲನೆಯದು, ತಡೆ ಸೂಚಿಸುವ ಬೆಳಕಿನ ಸೆನ್ಸರ್. ಬಾಗಿಲಿನ ಎರಡು ಬದಿಗಳಲ್ಲಿ ಇದು ಎದುರುಬದುರಾಗಿರುತ್ತದೆ. ಕಣ್ಣಿಗೆ ಧೂಳು ಕವಿದರೆ, ಜೇಡ ಬಲೆ ಕಟ್ಟಿದರೆ, ಕೈಗಾಡಿ ತಗುಲಿ ದಿಕ್ಕು ತಪ್ಪಿದರೆ, ಸಂಜೆಯ ಬಿಸಿಲು ನೇರ ಬಿದ್ದರೆ ಅಡ್ಡಲಾಗಿ ಯಾರೋ ಇದ್ದಾರೆಂದು ತಿಳಿದು ಶಟರು ಇಳಿಯುವುದಿಲ್ಲ, ಅಥವಾ ಸ್ವಲ್ಪ ಇಳಿದು ಹಿಂದಿರುಗುತ್ತದೆ. ಒಣ ಬಟ್ಟೆಯಿಂದ ಒರೆಸಿ ನೇರ ಮಾಡಿದರೆ ಬಹಳ ಸಲ ಸರಿಹೋಗುತ್ತದೆ. ತುರ್ತಿಗೆಂದು ಸೆನ್ಸರಿನ ತಂತಿಗಳನ್ನು ಒಂದಕ್ಕೊಂದು ಸೇರಿಸಿ ಶಟರ್ ಇಳಿಸುವುದು ಜೀವದೊಂದಿಗೆ ಆಡುವ ಆಟ.

ಎರಡನೆಯದು, ಲಿಮಿಟ್ ಸ್ವಿಚ್. ಶಟರು ಎಲ್ಲಿ ನಿಲ್ಲಬೇಕೆಂಬುದನ್ನು ಶಾಫ್ಟಿನ ಸುತ್ತುಗಳ ಆಧಾರದ ಮೇಲೆ ಇದು ನಿರ್ಧರಿಸುತ್ತದೆ. ಚೈನು ಸಡಿಲಗೊಂಡು ಹಲ್ಲು ಜಾರಿದರೆ ಈ ಲೆಕ್ಕ ತಪ್ಪುತ್ತದೆ. ದಿನವೂ ನೆಲಕ್ಕೆ ಒಂದೇ ಅಂತರ ಬಿಟ್ಟು, ಯಾವ ಸದ್ದೂ ತಡೆಯೂ ಇಲ್ಲದೆ ನಿಂತರೆ ಲಿಮಿಟ್ ಸ್ವಿಚ್ಚಿನ ದೋಷವೆಂದು ಊಹಿಸಬಹುದು.

ಮೂರನೆಯದು, ವಿದ್ಯುತ್. ವೋಲ್ಟೇಜ್ 230ರಿಂದ 184ಕ್ಕೆ, ಅಂದರೆ ಶೇ. 20ರಷ್ಟು ಇಳಿದರೆ ಮೋಟಾರಿನ ತಿರುಗುಬಲ ಸುಮಾರು ಶೇ. 64ಕ್ಕೆ ಕುಸಿಯುತ್ತದೆ, ಬ್ರೇಕ್ ಸರಿಯಾಗಿ ಬಿಡದೆಯೂ ಇರಬಹುದು. ಪದೇ ಪದೇ ಬಟನ್ ಒತ್ತಿದರೆ ಮೋಟಾರು ಕಾದು, ಒಳಗಿನ ರಕ್ಷಣಾ ವ್ಯವಸ್ಥೆ ಅದನ್ನು ನಿಲ್ಲಿಸುತ್ತದೆ. ಆಗ ಆರಲು ಬಿಟ್ಟು ಕಾಯುವುದೇ ಉಪಾಯ.

ಮೂರು ಫೇಸ್ ಮೋಟಾರು ಉಳ್ಳ ಘಟಕಗಳು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಲೈನ್ ದುರಸ್ತಿ ಅಥವಾ ಹೊಸ ವೈರಿಂಗ್ ನಡೆದ ಬಳಿಕ ಫೇಸ್‌ಗಳ ಕ್ರಮ ಬದಲಾಗಿದ್ದರೆ ‘ಕೆಳಗೆ’ ಬಟನ್ ಒತ್ತಿದಾಗ ಶಟರು ಮೇಲಕ್ಕೆ ಹೋಗುತ್ತದೆ. ಆಗ ಲಿಮಿಟ್ ಸ್ವಿಚ್ಚೂ ರಕ್ಷಣೆ ನೀಡದು, ಪರದೆ ಡ್ರಮ್ಮಿಗೆ ಸಿಕ್ಕಿ ಹರಿಯಬಹುದು. ಕೂಡಲೇ ನಿಲ್ಲಿಸಿ, ಮೇನ್ ಆರಿಸಿ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದ ಎರಡು ಫೇಸ್‌ಗಳನ್ನು ಅದಲುಬದಲು ಮಾಡಿಸಬೇಕು.

ವಿದ್ಯುತ್ ಹೋದಾಗ ಕೈ ಚೈನಿನಿಂದ ಶಟರ್ ಇಳಿಸುವ ವಿಧಾನವನ್ನು ಕನಿಷ್ಠ ಇಬ್ಬರು ನೌಕರರು ಬಲ್ಲವರಾಗಿರಬೇಕು. ಒಳಗೆ ಕೆಲಸ ಮಾಡುವವರು ಹೊರಬರಲು ಶಟರೊಂದನ್ನೇ ನೆಚ್ಚಿಕೊಳ್ಳದೆ ಬೇರೊಂದು ಬಾಗಿಲು ಇರುವಂತೆ ನೋಡಿಕೊಳ್ಳುವುದೂ ಮಾಲೀಕರ ಕರ್ತವ್ಯ.

ತಾವೇ ಮಾಡಬಾರದ ಕೆಲಸಗಳು

ಸ್ವಚ್ಛತೆ, ಚಾನಲ್ ಒರೆಸುವುದು, ಸೆನ್ಸರ್ ಶುಚಿ, ಬೀಗದ ಗುಳಿ ತೆಗೆಯುವುದು ಇವನ್ನು ಯಾರೂ ಮಾಡಬಹುದು. ಆದರೆ ಪೈಪಿನ ಕ್ಲಾಂಪು, ಬ್ರಾಕೆಟ್ಟಿನ ಬೋಲ್ಟು ಹಾಗೂ ಸ್ಪ್ರಿಂಗಿಗೆ ಕೈಹಾಕಬಾರದು. ಬಿಗಿಯಲ್ಲಿರುವ ಸ್ಪ್ರಿಂಗಿನ ಕ್ಲಾಂಪನ್ನು ಸಡಿಲಿಸಿದ ಕ್ಷಣ ಪೈಪು ರಭಸದಿಂದ ತಿರುಗುತ್ತದೆ. ಅದಕ್ಕೆ ಹಿಡಿದ ಪೈಪ್ ರೆಂಚ್ ಎದುರಿಗಿದ್ದವರಿಗೆ ಬಡಿಯುತ್ತದೆ. ತುಂಡಾದ ಸ್ಪ್ರಿಂಗಿನ ಶಟರನ್ನು ಎತ್ತಿ ಅದರಡಿ ಓಡಾಡುವುದಂತೂ ಸಲ್ಲದು. ಅನಿವಾರ್ಯವಾದರೆ ಎರಡೂ ಬದಿಗೆ ಗಟ್ಟಿಯಾದ ಆಸರೆ ಕೊಟ್ಟ ನಂತರವೇ ಸರಕು ಸಾಗಿಸಬೇಕು. ಮುಚ್ಚುವಾಗ ಪಟ್ಟಿಗಳ ಸಂದಿಗೆ ಬೆರಳಿಡದೆ ಹಿಡಿಕೆ ಅಥವಾ ಕೊಕ್ಕೆಕೋಲನ್ನೇ ಬಳಸುವಂತೆ ನೌಕರರಿಗೆ ತಿಳಿಹೇಳಬೇಕು. ಒಬ್ಬ ಹುಡುಗನ ಎರಡು ಬೆರಳಿನ ಬೆಲೆಗೆ ಯಾವ ರಿಪೇರಿಯ ಖರ್ಚೂ ಸಮನಲ್ಲ.

ವಿಮೆಯ ದೃಷ್ಟಿಯಿಂದ

ಕಳವು ವಿಮೆ ಪಡೆದಿದ್ದೇವೆ, ಆದ್ದರಿಂದ ಚಿಂತೆಯಿಲ್ಲ ಎಂಬ ಭಾವನೆ ಅನೇಕರಲ್ಲಿದೆ. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿ ಹಾಗೂ ಹರ್‌ಚಂದ್ ರಾಯ್ ಚಂದನ್‌ಲಾಲ್ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ನೀಡಿದ ತೀರ್ಪು ಇಲ್ಲಿ ಮನನೀಯ. ಪಾಲಿಸಿಯಲ್ಲಿ ಬಲಪ್ರಯೋಗದ ಪ್ರವೇಶವೆಂಬ ಷರತ್ತಿರುವಾಗ, ಕಳ್ಳತನಕ್ಕೆ ಮುನ್ನ ಬಲಪ್ರಯೋಗ ನಡೆದಿರಲೇಬೇಕು, ಇಲ್ಲದಿದ್ದರೆ ಪರಿಹಾರ ಸಲ್ಲದು ಎಂದು ನ್ಯಾಯಾಲಯ ವಿಮಾ ಕಂಪನಿಯ ಪರವಾಗಿ ತೀರ್ಮಾನಿಸಿತು. ಅರ್ಧ ಮುಚ್ಚಿದ ಶಟರಿನಡಿ ನುಸುಳಿದವನು ಯಾವ ಬೀಗವನ್ನೂ ಮುರಿದಿರುವುದಿಲ್ಲ ಎಂಬುದನ್ನು ಓದುಗರು ಯೋಚಿಸಬೇಕು. ತಮ್ಮ ಪಾಲಿಸಿಯ ಷರತ್ತುಗಳನ್ನು ಒಮ್ಮೆ ಓದಿ, ಶಟರ್ ದುರಸ್ತಿಯ ಬಿಲ್ಲುಗಳನ್ನು ದಿನಾಂಕ ಸಹಿತ ಕಾದಿರಿಸುವುದು ಜಾಣತನ.

ಹೊಸ ಶಟರ್ ಹಾಕಿಸುವವರಿಗೆ

ಲೋಹದ ರೋಲಿಂಗ್ ಶಟರುಗಳಿಗೆ ಭಾರತೀಯ ಮಾನಕ ಐಎಸ್ 6248 ಇದೆ. ಅದು 1979ರ ಆವೃತ್ತಿ. ಪಟ್ಟಿಯ ತಗಡು 3.5 ಮೀಟರ್ ಅಗಲದವರೆಗೆ ಕನಿಷ್ಠ 0.90 ಮಿ.ಮೀ., ಅದಕ್ಕೂ ಅಗಲವಾದಲ್ಲಿ ಕನಿಷ್ಠ 1.20 ಮಿ.ಮೀ. ದಪ್ಪವಿರಬೇಕೆಂಬುದು ಸರಕಾರಿ ಕಾಮಗಾರಿಗಳಲ್ಲಿ ಅನುಸರಿಸುವ ಅಳತೆ. ಕೊಟೇಶನ್ ಪಡೆಯುವಾಗ ಚದರ ಅಡಿಯ ದರವನ್ನಷ್ಟೇ ಕೇಳದೆ ತಗಡಿನ ದಪ್ಪ, ಸ್ಪ್ರಿಂಗುಗಳ ಸಂಖ್ಯೆ, ಬಾಲ್ ಬೇರಿಂಗ್ ಇದೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ದೊಡ್ಡ ಬಾಗಿಲಿಗೆ ಕೈಯಿಂದ ಎಳೆಯುವ ಶಟರಿಗಿಂತ ಗೇರ್ ಅಥವಾ ಮೋಟಾರ್ ವ್ಯವಸ್ಥೆಯೇ ಯೋಗ್ಯ. ಮಂಗಳೂರು, ಉಡುಪಿ, ಕಾರವಾರದಂತಹ ಕರಾವಳಿ ಪಟ್ಟಣಗಳಲ್ಲಿ ಉಪ್ಪುಗಾಳಿಗೆ ಸಾಮಾನ್ಯ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ ಸತುವಿನ ಲೇಪನವಿರುವ ಪಟ್ಟಿ ಲಾಭಕರ.

ವರ್ಷದ ನಿರ್ವಹಣೆ

ತಿಂಗಳಿಗೊಮ್ಮೆ ಚಾನಲ್ ಹಾಗೂ ಬೀಗದ ಗುಳಿಯನ್ನು ಸ್ವಚ್ಛಗೊಳಿಸಬೇಕು. ಮೂರು ತಿಂಗಳಿಗೊಮ್ಮೆ ಸಮತೋಲದ ಪರೀಕ್ಷೆ ಮಾಡಬೇಕು: ಶಟರನ್ನು ಸೊಂಟದೆತ್ತರಕ್ಕೆ ತಂದು, ಪಾದಗಳನ್ನು ದೂರವಿಟ್ಟು, ಕೈಯನ್ನು ಮೆಲ್ಲಗೆ ಸಡಿಲಿಸಿದಾಗ ಅದು ಅಲ್ಲಿಯೇ ನಿಲ್ಲಬೇಕು ಅಥವಾ ಬಹಳ ನಿಧಾನವಾಗಿ ಸರಿಯಬೇಕು. ಸ್ಪ್ರಿಂಗು ತುಂಡಾದ ಅನುಮಾನವಿದ್ದರೆ ಈ ಪರೀಕ್ಷೆ ಬೇಡ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ನುರಿತ ಮೆಕ್ಯಾನಿಕ್‌ನಿಂದ ಪೈಪು, ಬ್ರಾಕೆಟ್, ಸ್ಪ್ರಿಂಗುಗಳ ತಪಾಸಣೆ ಮಾಡಿಸಿ ದಿನಾಂಕವನ್ನು ಹುಡ್ ಕವರಿನ ಒಳಬದಿಯಲ್ಲಿ ಬರೆಸಬೇಕು.

ಮೆಕ್ಯಾನಿಕ್ ಬಂದಾಗ ‘ಶಟರ್ ಕೆಟ್ಟಿದೆ’ ಎಂದಷ್ಟೇ ಹೇಳದೆ, ಏರುವಾಗ ಹೀಗೆ, ಇಳಿಯುವಾಗ ಹೀಗೆ, ಈ ಎತ್ತರದಲ್ಲಿ ನಿಲ್ಲುತ್ತದೆ ಎಂದು ವಿವರಿಸಿದಲ್ಲಿ ಬೇಡದ ರಿಪೇರಿ ತಪ್ಪುತ್ತದೆ, ಹಣವೂ ಉಳಿಯುತ್ತದೆ. ಮೊದಲು ಘರ್ಷಣೆ, ಬಳಿಕ ಮಟ್ಟ, ಕೊನೆಗೆ ಸ್ಪ್ರಿಂಗ್ ಎಂಬ ಕ್ರಮವನ್ನು ಸದಸ್ಯರು ತಮ್ಮ ನೌಕರರಿಗೂ ತಿಳಿಸಿಕೊಡುವುದು ಅಪೇಕ್ಷಣೀಯ.